ಬಿಸಿಲಿಗೆ ಸೋಲುವ ಕಾಲು

ಕುಂಬ್ರದ ವಾರಿಜಾಕ್ಷಿಗೆ ನಡೆಯುವುದು ಎಂದೂ ಒಂದು ಕಷ್ಟವೆನಿಸಿರಲಿಲ್ಲ. ಸುಳ್ಯದ ಆಚೆ, ಬೆಟ್ಟದ ಬುಡದ ಒಂದು ಸರಕಾರಿ ಆಸ್ಪತ್ರೆಗೆ ನರ್ಸ್ ಆಗಿ ಸೇರಿದ ಮೇಲೆ ಅವಳು ಕೊಲ್ಲಮೊಗ್ರಿನ ಕಡೆಯ ಒಂಟಿ ಮನೆಗಳಿಗೂ ಹತ್ತಿ ಹೋಗಿ ಹೆರಿಗೆ ಮಾಡಿಸಿ ಬಂದವಳು.

ಎಂಬತ್ತಮೂರನೆಯ ಇಸವಿಯಲ್ಲಿ ಅವಳ ಬಲಗಣ್ಣು ಮಂಜಾಯಿತು. ಕೆಲವು ವಾರಗಳಲ್ಲಿ ತಾನಾಗಿ ತಿಳಿಯೂ ಆಯಿತು. ಮರುವರ್ಷ ಎಡಗಾಲಿಗೆ ಜೋಮು ಹಿಡಿಯಿತು. ಬೆಳಿಗ್ಗೆ ಸರಿಯಾಗಿಯೇ ಇರುವ ಕಾಲು ಬಿಸಿಲಲ್ಲಿ ಗುಡ್ಡ ಹತ್ತುವಾಗ ಮರದ ಕೊರಡಾಗುತ್ತಿತ್ತು. ನೆರಳಲ್ಲಿ ಕೂತರೆ ಮತ್ತೆ ಜೀವ ಬರುತ್ತಿತ್ತು.

ಆಸ್ಪತ್ರೆಯ ಡಾಕ್ಟರು ಯಜ್ಞೇಶ್ವರ ಅವಳನ್ನು ಮಂಚದ ಮೇಲೆ ಮಲಗಿಸಿ, ಕಾಲು ಎತ್ತಿಸಿ ನೋಡಿದರು. ಅಷ್ಟು ಹೊತ್ತು ಫ್ಯಾನಿನ ಕೆಳಗೆ ಕೂತಿದ್ದವಳ ಕಾಲು ಸಲೀಸಾಗಿ ಎದ್ದಿತು.

"ಎಂತದೂ ಇಲ್ಲ ನಿಮಗೆ. ಗುಡ್ಡ ಹತ್ಲಿಕ್ಕೆ ಮನಸ್ಸಿಲ್ಲ ಅಂತ ಕಾಣ್ತದೆ," ಎಂದರು.

ಆ ಮಾತು ಕಂಪೌಂಡರ್ ಮಹಾಬಲನ ಬಾಯಿಗೆ ಬಿದ್ದು ಪೇಟೆಯ ಹೋಟೆಲಿನವರೆಗೂ ಹೋಯಿತು. ಸಿಸ್ಟರ ಕಾಲು ಡ್ಯೂಟಿ ನೋಡಿ ಕುಂಟುತ್ತದಂತೆ ಎಂದು ಜನ ನಕ್ಕರು. ಕೇಳಿದ ವಾರಿಜಾಕ್ಷಿಗೆ ಮೈಯೆಲ್ಲ ಉರಿಯಿತು.

ಆ ಬೇಸಿಗೆಯಲ್ಲಿ ಗುಡ್ಡದ ಮೇಲಿನ ಒಂಟಿ ಮನೆಯ ನೆಬೀಸಳಿಗೆ ಹೆರಿಗೆ ನೋವು ಬಂತೆಂದು ಕರೆ ಬಂತು. ನಡುಮಧ್ಯಾಹ್ನ ಗುಡ್ಡದ ಅರ್ಧದಲ್ಲಿ ವಾರಿಜಾಕ್ಷಿಯ ಕಾಲು ಪೂರ್ತಿ ಕೈಕೊಟ್ಟಿತು. ಅವಳು ಚೀಲವನ್ನು ಕುತ್ತಿಗೆಗೆ ಹಾಕಿಕೊಂಡು ಮೊಣಕಾಲೂರಿ ತೆವಳಿದಳು. ನೆಬೀಸಳ ತಾಯಿ ರುಖಿಯಮ್ಮ ಅಂಗಳದಿಂದ ಕಂಡು ಓಡಿ ಬಂದು, ಹೆಗಲು ಕೊಟ್ಟು ಒಳಗೆ ಕರೆದೊಯ್ದರು. ಜಗಲಿಯ ತಂಪು ನೆಲದಲ್ಲಿ ಕೂತೇ ಅವಳು ಮಗುವನ್ನು ಹೊರತೆಗೆದಳು. ತಾಯಿ ಮಗು ಇಬ್ಬರೂ ಉಳಿದರು.

ಮರುದಿನ ಯಜ್ಞೇಶ್ವರ ಅಂದರು: "ಮಗು ಹಿಡಿಲಿಕ್ಕೆ ಕೈ ಉಂಟು, ನಡಿಲಿಕ್ಕೆ ಕಾಲಿಲ್ಲ. ಚೆಂದದ ಕಾಯಿಲೆ ನಿಮ್ಮದು."

ತೆವಳಿ ಚರ್ಮ ಕಿತ್ತುಹೋಗಿದ್ದ ಮೊಣಕಾಲನ್ನು ಅವರು ನೋಡಲಿಲ್ಲವಲ್ಲ, ಅದೇ ವಾರಿಜಾಕ್ಷಿಯ ಎದೆಯಲ್ಲಿ ಕುದಿಯುತ್ತಿತ್ತು. ರಜೆ ಹಾಕಿ, ತಂಗಿ ಮೋಹಿನಿಯನ್ನು ಜೊತೆಗೆ ಕರೆದುಕೊಂಡು ಮಂಗಳೂರಿನ ನರರೋಗದ ಡಾಕ್ಟರು ದೇವದಾಸರ ಬಳಿ ಹೋದಳು.

ದೇವದಾಸರು ಮೊದಲು ಅವಳ ಮಾತು ಪೂರ್ತಿ ಕೇಳಿದರು. ಆಮೇಲೆ ತಾರಸಿಯವರೆಗೆ ಮೆಟ್ಟಿಲು ಹತ್ತಿಸಿ ಇಳಿಸಿ, ಬೆವರುತ್ತ ನಿಂತವಳ ಕಾಲನ್ನು ಪರೀಕ್ಷಿಸಿದರು. ಬೆನ್ನುಹುರಿಯ ನೀರು ತೆಗೆಸಿದರು. ಕಣ್ಣಿನ ಹಿಂದಿನ ನರ ನೋಡಿದರು. ಎಲ್ಲ ಮುಗಿದ ಮೇಲೆ ಕೂರಿಸಿ ಹೇಳಿದರು:

"ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಉಂಟಮ್ಮ. ಮಿದುಳಿನ ರಕ್ತನಾಳದ ಗೋಡೆ ಬಹಳ ಬಿಗಿ, ಬೇಕಾದ್ದನ್ನು ಮಾತ್ರ ಒಳಗೆ ಬಿಡ್ತದೆ. ನಿಮಗೆ ಅದು ಅಲ್ಲಲ್ಲಿ ಸಡಿಲ ಆಗಿದೆ. ರೋಗದ ಮೇಲೆ ಬೀಳಬೇಕಾದ ರಕ್ತದ ಕಣಗಳು ಒಳಗೆ ನುಗ್ಗಿ ನಿಮ್ಮ ನರದ ಹೊದಿಕೆಯನ್ನೇ ಹಾಳು ಮಾಡ್ತವೆ, ಅಲ್ಲಿ ಊತ ಬರ್ತದೆ. ಸ್ವಲ್ಪ ಸಮಯದಲ್ಲಿ ತಡೆ ಮತ್ತೆ ಬಿಗಿಯಾಗ್ತದೆ, ಊತ ಇಳಿತದೆ, ನೀವು ಹುಷಾರಾಗ್ತೀರಿ. ಆದ್ರೆ ಹೊದಿಕೆ ಹೋದ ನರ ಸೆಕೆ ತಡೆಯುದಿಲ್ಲ. ಮೈ ಬಿಸಿಯಾದ ಕೂಡ್ಲೆ ಕಾಲು ಸೋಲ್ತದೆ."

"ಹಾಗಾದ್ರೆ ನಾಟಕ ಅಲ್ಲ?"

"ನಾಟಕ ಅಂದವರು ಯಾರು?"

ಮೋಹಿನಿ ಅಕ್ಕನ ಕೈ ಹಿಡಿದುಕೊಂಡಳು. ಇದು ಪೂರ್ತಿ ಗುಣವಾಗುವ ಕಾಯಿಲೆಯಲ್ಲ, ಮತ್ತೆ ಬರಬಹುದು, ಊತ ಇಳಿಸುವ ಮದ್ದು ಉಂಟು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ವಾರಿಜಾಕ್ಷಿ ಅತ್ತಳು. ಭಯಕ್ಕಿಂತ ಹೆಚ್ಚಾಗಿ, ಒಬ್ಬರಾದರೂ ನಂಬಿದರಲ್ಲ ಎಂದು.

ಕೆಲಸಕ್ಕೆ ಮರಳಿದವಳು ಎಲ್ಲ ಸಿಬ್ಬಂದಿ ಕೂತಿದ್ದ ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ವಿಷಯ ಹೇಳಿದಳು. ಯಜ್ಞೇಶ್ವರ ಕನ್ನಡಕ ಒರೆಸಿಕೊಂಡರು.

"ಅಂಥ ಕಾಯಿಲೆ ಇದ್ರೆ ನಿಮ್ಮಿಂದ ಡ್ಯೂಟಿ ಆಗ್ಲಿಕ್ಕಿಲ್ಲ. ರಾಜೀನಾಮೆ ಕೊಡುದು ಒಳ್ಳೇದು."

"ಸಾರ್, ಕಾಯಿಲೆ ಇಲ್ಲ ಅಂತ ನೀವು ನನ್ನನ್ನು ಬಿಸಿಲಲ್ಲಿ ಹತ್ತಿಸಿದ್ದು. ಈಗ ಕಾಯಿಲೆ ಉಂಟು ಅಂತ ಹೊರಗೆ ಹಾಕುದಾ? ನಿಮ್ಮ ಎರಡೂ ಮಾತಿಗೆ ನಾನೇ ಸಾಯ್ಬೇಕಾ?"

ಮಹಾಬಲ ನೆಲ ನೋಡುತ್ತಿದ್ದ.

"ರಾಜೀನಾಮೆ ಕೊಡುದಿಲ್ಲ. ಹೆರಿಗೆ ಕೋಣೆಯ ಕೆಲಸ ಕೊಡಿ, ಮಾಡ್ತೇನೆ. ಕೊಡದಿದ್ರೆ ಜಿಲ್ಲಾ ಆಫೀಸಿಗೆ ಹೋಗಿ ಇದನ್ನೇ ಹೇಳ್ತೇನೆ."

ಹೇಳಿದಂತೆ ಹೋಗಿಯೇ ಹೇಳಬೇಕಾಯಿತು. ದೇವದಾಸರೂ ಅವಳ ಪರವಾಗಿ ಮಾತಾಡಿದರು. ಕೊನೆಗೆ ಹೆರಿಗೆ ಕೋಣೆಯೇ ಅವಳದಾಯಿತು.

ಎರಡು ಮಳೆಗಾಲ ಕಳೆದು ಯಜ್ಞೇಶ್ವರರಿಗೆ ವರ್ಗವಾಯಿತು. ಅಷ್ಟರಲ್ಲಿ ಅವಳ ಕಾಲು ಇನ್ನೊಮ್ಮೆ ಬಿದ್ದು, ಮದ್ದಿಗೆ ಮುಕ್ಕಾಲು ಪಾಲು ಎದ್ದಿತ್ತು. ತಪ್ಪಾಯಿತೆಂಬ ಒಂದು ಮಾತೂ ಯಜ್ಞೇಶ್ವರರ ಬಾಯಿಂದ ಬರಲಿಲ್ಲ. ಬೀಳ್ಕೊಡುವ ದಿನ ಹಾರ ತಂದಿದ್ದ ಮಹಾಬಲ, "ಸಿಸ್ಟರ್, ನೀವೂ ಡಾಕ್ಟರ ಬಗ್ಗೆ ಎರಡು ಒಳ್ಳೆ ಮಾತಾಡಿ," ಎಂದ.

"ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಮಾರಾಯ," ಎಂದು ವಾರಿಜಾಕ್ಷಿ ಕೋಲೂರಿಕೊಂಡು ಹೆರಿಗೆ ಕೋಣೆಗೆ ನಡೆದಳು. ಅಲ್ಲಿ ಗುತ್ತಿಗಾರಿನಿಂದ ಜೀಪಿನಲ್ಲಿ ಬಂದ ಹೆಂಗಸೊಬ್ಬಳು ನೋವು ತಿನ್ನುತ್ತಿದ್ದಳು.