ಒಂದು ಬೆರಳು ದೊಡ್ಡದಾದ ಗಾಜು

ಗಾಜು ಚೌಕಟ್ಟಿನೊಳಗೆ ಕೂರಲಿಲ್ಲ. ಕೆಳಗಿನ ಅಂಚು ಸರಿಯಾಗಿಯೇ ನಿಂತಿತು, ಎಡಬದಿಯೂ ಒಪ್ಪಿಕೊಂಡಿತು, ಬಲಬದಿಗೆ ಬಂದಾಗ ಮಾತ್ರ, ತುಂಬಿದ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡ ದಢೂತಿ ಆಸಾಮಿಯಂತೆ, ಒಳಗೂ ಹೋಗದೆ ಹೊರಗೂ ಬಾರದೆ ಹಟ ಹಿಡಿಯಿತು.

"ತಳ್ಳಬೇಡಿ ಅತ್ತಿಗೆ! ಒಡೆಯತ್ತೆ!"

"ನಾನೆಲ್ಲಿ ತಳ್ತಿದೀನಿ? ಅದೇ ನನ್ನ ತಳ್ತಿದೆ ಕಣೇ!"

ಅತ್ತಿಗೆ ನಾದಿನಿಯರಿಬ್ಬರೂ ಗಾಜನ್ನು ಮೆಲ್ಲನೆ ಹಿಂದಕ್ಕೆ ತೆಗೆದು, ಫುಟ್‌ಪಾತಿನ ಮೇಲೆ ಹಾಸಿದ್ದ ಕಂಬಳಿಗೆ ಇಳಿಸಿ ಗೋಡೆಗೆ ಒರಗಿಸಿದರು. ಸಂಜೆಗೆ ತೆರೆಯಲಿದ್ದ ಹೊಸ ಬೇಕರಿ ಅದು. ಬೆಳಗಿನಿಂದಲೇ ಒಲೆ ಉರಿಯುತ್ತಿತ್ತು; ಬ್ರೆಡ್ಡಿನ ಪರಿಮಳ ಗಾಜಿಲ್ಲದ ಕಿಟಕಿಯಿಂದ ಬೀದಿಗೆ ಹರಿದು, ಹೋಗಿಬರುವವರನ್ನು ಮೂಗು ಹಿಡಿದು ನಿಲ್ಲಿಸುತ್ತಿತ್ತು. ಬೇಕರಿಯಾಕೆ ಹಿಟ್ಟು ಮೆತ್ತಿದ ಕೈಗಳನ್ನು ಸೊಂಟಕ್ಕಿಟ್ಟು ಹೊಸಿಲಲ್ಲಿ ನಿಂತು, "ಏನಾಯ್ತಮ್ಮಾ?" ಎಂದಳು.

"ಒಂದು ಬೆರಳು ದೊಡ್ಡದಾಯ್ತು," ಎಂದಳು ಗಾಜು ಕತ್ತರಿಸಿದ್ದ ನಾದಿನಿ. ಹಾಗೆ ಅನ್ನುವಾಗಲೇ ಅದು ಹೇಗಾಯಿತೆಂಬುದು ಅವಳಿಗೆ ಹೊಳೆದುಬಿಟ್ಟಿತು.

ಅಣ್ಣನ ಗಾಜಿನಂಗಡಿಯಲ್ಲಿ ಅವಳೂ ಅಲ್ಲಿನ ಕೆಲಸಗಾರನೊಬ್ಬನೂ ಜೋಡಿಯಾಗಿ ವರ್ಷಗಟ್ಟಲೆ ದುಡಿದಿದ್ದರು. ಒಂದೇ ಗಾಜಿನ ಎರಡು ತುದಿ ಹಿಡಿದವರಿಗೆ ಒಬ್ಬರನ್ನೊಬ್ಬರು ನೋಡದಿರುವುದು ಹೇಗೆ ಸಾಧ್ಯ? ಕೆಲಸದ ಜೋಡಿ ಮನಸ್ಸಿನ ಜೋಡಿಯಾಯಿತು. ನಡುವೆ ಇದ್ದದ್ದು ಗಾಜು ಮಾತ್ರ, ಆದ್ದರಿಂದ ಎಲ್ಲವೂ ಕಾಣುತ್ತಿದೆ ಎಂದೇ ಅವಳು ನಂಬಿದ್ದಳು. ಒಂದು ದಿನ ಅವನು ಕೈಗವಸು ಕಳಚಿಟ್ಟು, "ನಮ್ಮಿಬ್ಬರದು ಇನ್ನು ಸಾಗೋದಿಲ್ಲ" ಎಂದು ಹೇಳಿ, ಪಕ್ಕದ ಬಡಾವಣೆಯ ಇನ್ನೊಂದು ಅಂಗಡಿಗೆ ಸೇರಿಕೊಂಡ. ಜಗಳವಿಲ್ಲ, ಕಾರಣವಿಲ್ಲ. ಜಗಳವಾಗಿದ್ದರೆ ಬೈದುಕೊಂಡಾದರೂ ದಿನ ತಳ್ಳಬಹುದಿತ್ತು. ಅಂದಿನಿಂದ ಅವಳು ಕನ್ನಡಿ, ಪಟಗಳ ಗಾಜು, ಕಪಾಟಿನ ಬಾಗಿಲು ಎಂದು ಒಬ್ಬಳೇ ಹಿಡಿಯಬಹುದಾದ ಕೆಲಸಗಳಲ್ಲೇ ತಲೆ ಹುದುಗಿಸಿದ್ದಳು. ಈ ವಾರ, ಏನು ಕಂಡಿತೋ ಏನೋ, "ಬೇಕರಿ ಕೆಲಸ ನನಗೆ ಕೊಡು" ಎಂದು ತಾನಾಗಿಯೇ ಅಣ್ಣನನ್ನು ಕೇಳಿದ್ದಳು. ಅಣ್ಣನಿಗೆ ಬೆನ್ನುನೋವು, ಸೊಂಟಕ್ಕೆ ಪಟ್ಟಿ. ವ್ಯಾನು ಓಡಿಸುವುದಕ್ಕಷ್ಟೇ ಅವನು ಲಾಯಕ್ಕು. ಹಾಗಾಗಿ ಗಾಜಿನ ಇನ್ನೊಂದು ತುದಿಗೆ ಅತ್ತಿಗೆ ಟೊಂಕ ಕಟ್ಟಿ ನಿಂತಿದ್ದಳು. ಬೆಳಗ್ಗೆ ವ್ಯಾನು ಹೊರಟಾಗ, ಮೊದಲ ಸಲ ಶಾಲೆಯ ನಾಟಕದ ರಂಗಕ್ಕೆ ಹೋಗುವವಳಂತೆ ಹುಡುಗಿ ಉಪಕರಣಗಳನ್ನು ಮತ್ತೆ ಮತ್ತೆ ಎಣಿಸಿಕೊಂಡಿದ್ದಳು.

ಈಗ ಆದ ತಪ್ಪಿನ ಬೇರು ಅವನ ಜೊತೆಗಿನ ಹಳೆಯ ಜೋಡಿಯಲ್ಲೇ ಇತ್ತು. ಬಿಸಿಗೆ ಗಾಜೂ ಹಿಗ್ಗುತ್ತದೆ. ಆದ್ದರಿಂದ ಚೌಕಟ್ಟಿಗಿಂತ ಅದು ಸುತ್ತಲೂ ತುಸು ಚಿಕ್ಕದಿರಬೇಕು, ಇಲ್ಲವಾದರೆ ತನ್ನ ಬಿಗುವಿಗೆ ತಾನೇ ಸೀಳುತ್ತದೆ. ಅಳತೆ ಹಿಡಿಯುತ್ತಿದ್ದವನು ಅವನು, ಕತ್ತರಿಸುತ್ತಿದ್ದವಳು ಇವಳು. ಅವನು ಕೂಗುವ ಅಂಕಿಯಲ್ಲಿ ಆ ಸಡಿಲು ಆಗಲೇ ಕಳೆದಿರುತ್ತಿತ್ತು. ಕೇಳಿದ್ದನ್ನು ಕೇಳಿದಂತೆ ಕತ್ತರಿಸುವುದು ಇವಳ ಕೈಗೆ ಅಭ್ಯಾಸವಾಗಿ ಹೋಗಿತ್ತು. ಮೊನ್ನೆ ಟೇಪು ಹಿಡಿದು ಅಳತೆ ಕೂಗಿದವಳು ಅತ್ತಿಗೆ. ಚೌಕಟ್ಟು ಎಷ್ಟಿತ್ತೋ ಅಷ್ಟನ್ನೇ ಕೂಗಿದ್ದಳು, ಪಾಪ, ಅವಳಿಗೇನು ಗೊತ್ತು? ಅದರ ಮೇಲೆ ಹಳೆಯ ಚೌಕಟ್ಟಿನ ಬಲಗಂಬ ಒಳಕ್ಕೆ ಬಾಗಿದ್ದುದನ್ನು ಇಬ್ಬರೂ ಗಮನಿಸಿರಲಿಲ್ಲ. ಅಂಗಡಿ ಬಿಟ್ಟುಹೋದವನು ಅವಳ ಕೈಯೊಳಗೆ ಇನ್ನೂ ಕೆಲಸಕ್ಕಿದ್ದ.

"ಅಂಚು ಸವರಿದ್ರೆ ಆಯ್ತಲ್ಲ?" ಎಂದಳು ಅತ್ತಿಗೆ.

ಅದೇ ಕಷ್ಟದ ಮಾತು. ಅಗಲವಾದ ತುಂಡನ್ನು ಗೀರಿ ಮುರಿಯುವುದು ಸುಲಭ. ಇಷ್ಟು ದೊಡ್ಡ ಗಾಜಿನ ಅಂಚಿನಿಂದ ಬೆರಳಗಲದ ಪಟ್ಟಿ ತೆಗೆಯುವಾಗ ಬಿರುಕು ಗೆರೆ ಬಿಟ್ಟು ತನಗೆ ತೋಚಿದ ದಾರಿ ಹಿಡಿಯುತ್ತದೆ. ಆ ಕೆಲಸ ಯಾವಾಗಲೂ ಅವನದು.

ವ್ಯಾನಿನ ಕಿಟಕಿಯಿಂದ ಅಣ್ಣನ ತಲೆ ಹೊರಬಂತು. "ಅವನಿಗೆ ಫೋನ್ ಮಾಡಿದೀನಿ. ಇಲ್ಲೇ ಹತ್ರ ಇದಾನಂತೆ, ಬರ್ತೀನಿ ಅಂದ. ಮುಟ್ಟಬೇಡ ಅದನ್ನ."

ತನಗೆ ಸಿಟ್ಟು ಬಂತೆಂದು ಅವಳು ಭಾವಿಸಿದಳು. ಆದರೆ ಸಿಟ್ಟು ಬಂದ ಹೆಂಗಸು ವ್ಯಾನಿನ ಕನ್ನಡಿಗೆ ಬಾಗಿ ಕೆನ್ನೆಯ ಧೂಳು ಒರೆಸಿಕೊಳ್ಳುವುದಿಲ್ಲ. ಇಷ್ಟು ದಿನ ಅವಳು ಹುಡುಕುತ್ತಿದ್ದ ನೆಪ ತಾನಾಗಿ ಬೀದಿಗೆ ನಡೆದು ಬರುತ್ತಿತ್ತು. ಬರುತ್ತಾನೆ, ಗಾಜು ಸವರುತ್ತಾನೆ, ನಗುತ್ತಾನೆ. ಆಮೇಲೆ ಪ್ರತಿ ದೊಡ್ಡ ಗಾಜಿಗೂ ಅವನೇ ಬೇಕು.

"ಕೂದಲೂ ಸರಿ ಮಾಡ್ಕೋ," ಎಂದಳು ಅತ್ತಿಗೆ ಹಿಂದಿನಿಂದ. "ಹೆಣ್ಣು ನೋಡೋಕೆ ಬರ್ತಿದಾನಲ್ಲ!"

ಅವಳು ಗಕ್ಕನೆ ತಿರುಗಿದಳು. ಕಿವಿ ಕೆಂಪಾಗಿತ್ತು. "ಅತ್ತಿಗೆ, ಬೇಕರಿಯವರ ಆ ದೊಡ್ಡ ಮೇಜು ಹೊರಗೆ ತರೋಕಾಗತ್ತಾ?"

"ಹಿಟ್ಟು ನಾದೋ ಮೇಜಾ? ಯಾಕೆ?"

"ಗಾಜು ಮಲಗಿಸೋಕೆ."

"ಏಯ್!" ಎಂದು ಅಣ್ಣ ಕೂಗಿದ. "ಒಡೆದ್ರೆ?"

"ಒಡೆದ್ರೆ ಬೈಯೋಕೆ ನೀನಿದೀಯಲ್ಲ. ಕೂತ್ಕೊಂಡು ಅಭ್ಯಾಸ ಮಾಡ್ಕೋತಿರು!"

ಬೇಕರಿಯಾಕೆಗೆ ಹುಮ್ಮಸ್ಸು ಬಂತು; ಬೀದಿಗೂ ಬಂತು. ಮೇಜು ಹೊರಗೆ ಬಂತು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಗಾಜು. ಎದುರಿನ ಚಪ್ಪಲಿ ಅಂಗಡಿಯವನು ಗಿರಾಕಿಯ ಒಂದು ಕಾಲನ್ನು ಬರಿದಾಗಿಯೇ ಬಿಟ್ಟು ಓಡಿಬಂದ. ಆ ಗಿರಾಕಿಯೂ ಕುಂಟುತ್ತ ಹಿಂದೆಯೇ ಬಂದ. ಅವಳು ಈ ಸಲ ತಾನೇ ಚೌಕಟ್ಟಿನ ಮೇಲೆ, ನಡುವೆ, ಕೆಳಗೆ ಅಳೆದಳು. ಸಡಿಲನ್ನು ತಾನೇ ಕಳೆದಳು. ಮರದ ಪಟ್ಟಿಯನ್ನು ಗಾಜಿನ ಮೇಲಿಟ್ಟು, "ಒತ್ತಿ ಹಿಡೀರಿ ಅತ್ತಿಗೆ. ಭೂಕಂಪ ಆದ್ರೂ ಅಲ್ಲಾಡಬಾರದು," ಎಂದಳು.

"ನಿಮ್ಮಣ್ಣನ್ನ ಹಿಡಿದಿಟ್ಟ ಕೈ ಇದು. ನೀನು ಗೀರು."

ಗಾಜು ಗೀರುವ ಕಟರಿನ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅವಳು ಉಸಿರು ನಿಲ್ಲಿಸಿದಳು. ಗೀರು ಅರ್ಧಕ್ಕೆ ನಿಂತರೆ ಕೆಲಸ ಕೆಟ್ಟಂತೆ. ಅದೇ ಗೆರೆಯ ಮೇಲೆ ಎರಡನೆಯ ಸಲ ಹೋಗುವಂತಿಲ್ಲ. ತೋಳು ಹೊರಟಿತು. ಸರ್‌ರ್‌ರ್ ಎಂಬ ತೆಳ್ಳನೆಯ, ತುಂಡಾಗದ ಒಂದೇ ಸದ್ದು, ರೇಷ್ಮೆಯನ್ನು ಯಾರೋ ಆಸೆಯಿಂದ ಸೀಳುತ್ತಿರುವಂತೆ. ಮೇಜಿನ ಆಚೆ ತುದಿಯವರೆಗೂ ಅವಳು ಅದರ ಜೊತೆಗೆ ನಡೆದಳು, ಕೊನೆಯ ಹೆಜ್ಜೆಯಲ್ಲಿ ಬಹುಶಃ ಓಡಿದಳು.

ಕೆಳಗಿನಿಂದ ಮೆಲ್ಲಗೆ ತಟ್ಟಿದಳು. ಗೆರೆಯ ಆಳದಲ್ಲಿ ಬೆಳಕಿನ ಎಳೆಯೊಂದು ಹುಟ್ಟಿತು. ಇನ್ನೊಂದು ತಟ್ಟು; ಎಳೆ ಮುಂದೆ ಸರಿಯಿತು. ಓಡುತ್ತಿದೆ! ಗೆರೆಯ ಮೇಲೆಯೇ ಓಡುತ್ತಿದೆ! ಇಕ್ಕಳ ಹಿಡಿದು ಅವಳು ಅಂಚನ್ನು ಮಣಿಸಿದಳು. ಟಕ್ಕೆಂದು ಮೊದಲ ತುಂಡು ಕೈಗೆ ಬಂತು. ಅವಳ ಗಂಟಲಿನಿಂದ ಹೊರಟದ್ದು ಮಾತಲ್ಲ, ಕೇಕೆ. ಜನ ಕೂಡ "ಹೋ!" ಎಂದರು. ಇನ್ನೊಂದು ತುಂಡು, ಮತ್ತೊಂದು. ಕೊನೆಯದು ಕಂಬಳಿಗೆ ಬಿದ್ದಾಗ ಗಾಜು ಇದ್ದ ಹಾಗೆಯೇ ಇತ್ತು, ಬೇಕಾದಷ್ಟೇ ಚಿಕ್ಕದಾಗಿ.

ಅಂಚನ್ನು ಕಲ್ಲಿನಿಂದ ಉಜ್ಜಿ ತಲೆಯೆತ್ತಿದರೆ, ಅವನು ಉಪಕರಣದ ಪೆಟ್ಟಿಗೆ ಹಿಡಿದು ನಿಂತಿದ್ದ. ಯಾವಾಗ ಬಂದನೋ.

"ಯಾರು ಸವರಿದ್ದು?" ಎಂದ.

"ಆಮೇಲೆ ಹೇಳ್ತೀನಿ. ಗಾಳಿ ಏಳ್ತಿದೆ. ಪೆಟ್ಟಿಗೆ ಕೆಳಗಿಟ್ಟು ನಡುವೆ ಕೈ ಕೊಡು. ಅತ್ತಿಗೆ ಹೇಳಿದಾಗ ಎತ್ತಬೇಕು, ಮುಂಚೆ ಅಲ್ಲ."

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಅವಳ ಕಣ್ಣು ಗಾಜಿನ ಮೇಲಿತ್ತು. ಅವನು ಪೆಟ್ಟಿಗೆ ಇಟ್ಟ.

"ಎತ್ತಿ!" ಎಂದಳು ಅತ್ತಿಗೆ, ಸೈನ್ಯವನ್ನೇ ನಡೆಸುವವಳಂತೆ. "ಬಲಕ್ಕೆ... ರೀ ಹೊಸಬ್ರೇ, ಆತುರ ಬೇಡ! ನಾವು ಹಳಬರು ಹೇಳಿದ್ದು ಕೇಳಿ!"

ಗಾಜು ಎದ್ದಿತು, ಆಕಾಶದ ಒಂದು ತುಂಡನ್ನು ಹೊತ್ತುಕೊಂಡು ತಿರುಗಿತು. ಕೆಳಗೆ ಕೂತಿತು, ಎಡಕ್ಕೆ ಒಪ್ಪಿತು, ಬಲಕ್ಕೆ ಜಾರಿ ಹಾಯಾಗಿ ಒಳಗಿಳಿಯಿತು. ಚಪ್ಪಾಳೆ ಬಿತ್ತು. ಬೇಕರಿಯಾಕೆ ಒಳಗಿನಿಂದ ದೀಪ ಹಾಕಿ, ಗಾಜಿಗೆ ಮೂಗೊತ್ತಿ ನಕ್ಕಳು. ಒಂಟಿ ಚಪ್ಪಲಿಯ ಗಿರಾಕಿಗೆ ಮೊದಲ ಬನ್ನು ಸಿಕ್ಕಿತು.

"ಚೆನ್ನಾಗಿ ಮಾಡಿದೀಯ," ಎಂದ ಅವನು.

"ಹ್ಞೂಂ. ಥ್ಯಾಂಕ್ಸ್," ಎಂದಳು ಅವಳು. ಗಾಜು ಅಲ್ಲಾಡದಂತೆ ಸಂದಿಗೆ ಅಂಟುಮೇಣ ತುಂಬುವ ಕೆಲಸ ಬಾಕಿಯಿತ್ತು. ಒಣಗುವ ಮುನ್ನ ಅದನ್ನು ಒಂದೇ ಸಮನೆ ಎಳೆಯಬೇಕು. ಅವಳು ಕೆಳಗಿನ ಮೂಲೆಯಿಂದ ಶುರುಮಾಡಿದಳು. ಬಿಸಿ ಬನ್ನಿನ ತುಂಡೊಂದು ಬಾಯಲ್ಲಿತ್ತು, ನಾಲಗೆ ಸುಡುತ್ತಿತ್ತು, ಎದುರಿನ ಚಪ್ಪಲಿ ಅಂಗಡಿಯವನು ತನ್ನ ಬಾಗಿಲಿಗೂ ಇಂಥದೇ ಗಾಜು ಬೇಕೆಂದು ಅತ್ತಿಗೆಯ ಹತ್ತಿರ ಚೌಕಾಸಿ ನಡೆಸಿದ್ದ. ಅದು ಈ ಗಾಜಿಗಿಂತಲೂ ದೊಡ್ಡದು. ಹೇಗೆ ಹಿಡಿಯುವುದು ಅದನ್ನು? ಮೂರು ಜನ ಬೇಕೇ?

ಪಕ್ಕದಲ್ಲಿ ಅತ್ತಿಗೆ ಬಂದು ಕೂತಳು. ಅವಳ ಮುಖವನ್ನೇ ನೋಡುತ್ತ, ಮೆತ್ತಗೆ ಹೇಳಿದಳು: "ಹೊರಟ ಕಣೇ."

"ಅಯ್ಯೋ, ಅಣ್ಣನಾ?" ಎಂದು ಅವಳು ಮೇಣದಿಂದ ಕಣ್ಣು ತೆಗೆಯದೆಯೇ ಅಂದಳು. "ನಿಲ್ಲೋಕೆ ಹೇಳಿ ಅತ್ತಿಗೆ! ಏಣಿ ಇನ್ನೂ ವ್ಯಾನಲ್ಲೇ ಇದೆ!"