ಅಪ್ಪನಿಗೂ ಒಂದು ಹಾಳೆ

"ಎಲ್ಲಾ ಚೆನ್ನಾಗಿದೆ ಅಂದ್ಬಿಡು. ಏನಾದ್ರೂ ಬರೆದ್ರೆ ವಾರವಾರ ಬಂದು ಕೂತ್ಕೋತಾರೆ," ಎಂದು ಗಂಡ ಶುಹೇ ಬೆಳಿಗ್ಗೆಯೇ ಹೇಳಿದ್ದ. ಸಯೋರಿ ಮಿಸೋ ಸಾರು ಬಡಿಸುತ್ತ ಹೂಂ ಅಂದಿದ್ದಳು. ಆದರೆ ಪುರಸಭೆಯವರ ಈ ಭೇಟಿಗಾಗಿಯೇ ಅವಳು ಹನ್ನೊಂದು ದಿನದಿಂದ ಕಾದಿದ್ದಳು. ಮಗುವನ್ನು ಎತ್ತಿಕೊಳ್ಳಲು ತನಗೆ ಭಯವಾಗುತ್ತದೆಂದು ಯಾರಾದರೊಬ್ಬರಿಗೆ ಹೇಳಲೇಬೇಕಿತ್ತು.

ಪುರಸಭೆಯ ಆರೋಗ್ಯ ಸಹಾಯಕಿ ಹೋಶಿನಾ ಹತ್ತು ಗಂಟೆಗೆ ಸರಿಯಾಗಿ ಬಂದರು. ಎರಡು ತಿಂಗಳ ನಾಗಿಯನ್ನು ತೂಗಿ ಮಲಗಿಸಿ, ಸಯೋರಿಯ ಕೈಗೆ ಬಾಣಂತಿಯರ ಮನಸ್ಥಿತಿ ಕೇಳುವ ಹತ್ತು ಪ್ರಶ್ನೆಗಳ ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟರು. ರಜೆ ಹಾಕಿದ್ದ ಶುಹೇ ಪಕ್ಕದಲ್ಲೇ ಕೂತು ಹಾಳೆಯೊಳಗೆ ಇಣುಕಿದ.

'ದುಃಖದಿಂದ ಅತ್ತಿದ್ದೀರಾ?'

"ಇವಳು ಅಳೋದು ಈರುಳ್ಳಿ ಹೆಚ್ಚುವಾಗ ಮಾತ್ರ," ಎಂದ.

"ಹಾಗಾದ್ರೆ ಎರಡು ತಿಂಗಳಿಂದ ಈರುಳ್ಳಿ ಸ್ವಲ್ಪ ಜಾಸ್ತಿನೇ ಖರ್ಚಾಗಿರ್ಬೇಕು," ಎಂದರು ಹೋಶಿನಾ, ಸಯೋರಿಯ ಕಣ್ಣುಗಳನ್ನೇ ನೋಡುತ್ತ.

ಸಯೋರಿ ಹತ್ತಕ್ಕೂ 'ಇಲ್ಲ' ಎಂಬಲ್ಲೇ ಸುತ್ತು ಹಾಕಿದಳು. ಅವಳು ಚಾಚಿದ ಹಾಳೆಯನ್ನು ತೆಗೆದುಕೊಳ್ಳದೆ ಹೋಶಿನಾ ಚೀಲದಿಂದ ಇನ್ನೊಂದನ್ನು ತೆಗೆದರು. "ಈ ವರ್ಷದಿಂದ ಅಪ್ಪಂದಿರಿಗೂ ಇದೆ. ನೀವೂ ತುಂಬಿಬಿಡಿ, ಶುಹೇ-ಸಾನ್."

ನಗುತ್ತಲೇ ಸರಸರನೆ ಸುತ್ತು ಹಾಕುತ್ತ ಹೋದವನು ಆರನೆಯ ಪ್ರಶ್ನೆಯಲ್ಲಿ ನಿಂತ. 'ಮನೆಗೆ ಬರಲು ಹಿಂಜರಿಕೆಯಾಗಿದೆಯೇ?'

"ಕಾರಲ್ಲೇ ಕೂತಿರೋದು ಇದಕ್ಕೆ ಸೇರುತ್ತಾ?" ಎಂದು ಕೇಳಿದ.

"ಎಲ್ಲಿ ಕೂತಿರ್ತೀರಿ?"

"ಇಲ್ಲೇ ಕೆಳಗೆ, ನಮ್ಮ ಪಾರ್ಕಿಂಗ್ ಜಾಗದಲ್ಲೇ. ಇಪ್ಪತ್ತು ನಿಮಿಷ. ಒಂದೊಂದ್ಸಲ ನಲವತ್ತು."

ಸಯೋರಿ ಅವನತ್ತ ತಿರುಗಿದಳು. ಆಫೀಸಿನ ಕೆಲಸ ಮುಗಿಯಲಿಲ್ಲವೆಂದು ಅವನು ಹೇಳಿದ ಸಂಜೆಗಳನ್ನೆಲ್ಲ ಅವಳು ನಂಬಿದ್ದಳು. ಆ ಹೊತ್ತಿನಲ್ಲಿ ಅವಳು ನಾಗಿಯನ್ನು ಅಳಲು ಬಿಟ್ಟು, ಬಚ್ಚಲಿನ ಬಾಗಿಲು ಹಾಕಿಕೊಂಡು ನಿಂತಿರುತ್ತಿದ್ದಳು.

"ನಾಗಿ ಅಳೋದು ಕೇಳಿಸ್ತಿತ್ತಾ?"

"ಎರಡನೇ ಮಹಡಿ ತಾನೇ. ಕೇಳಿಸ್ತಿತ್ತು."

"ಕೇಳಿಸಿದ್ರೂ ಬರ್ಲಿಲ್ಲ."

"ಬಂದು ಏನ್ ಮಾಡ್ಲಿ? ನಾನು ಎತ್ಕೊಂಡ್ರೆ ಇನ್ನೂ ಜಾಸ್ತಿ ಅಳ್ತಾಳೆ. ನೀನಾದ್ರೆ ಚೆನ್ನಾಗಿ ನೋಡ್ಕೋತೀಯ ಅಂದ್ಕೊಂಡೆ."

ಸಯೋರಿ ತನ್ನ ಹಾಳೆಯನ್ನು ಮುಂದೆಳೆದುಕೊಂಡು, ಪೆನ್ಸಿಲಿನ ತುದಿಯ ರಬ್ಬರಿನಿಂದ ಒಂದೊಂದೇ ಸುತ್ತನ್ನು ಅಳಿಸತೊಡಗಿದಳು. ಕಾಗದ ಹರಿದೇಹೋಗುವಷ್ಟು ಉಜ್ಜಿದಳು.

"ನಾನು ಆಚೆ ಹೋಗ್ಲಾ?" ಎಂದ ಶುಹೇ ಮೆಲ್ಲಗೆ.

"ಬೇಡ. ಇಲ್ಲೇ ಕೂತು ನೋಡು. ನಾನೂ ಚೆನ್ನಾಗಿ ನೋಡ್ಕೋತಿಲ್ಲ."

ಮೊದಲ ಸುತ್ತನ್ನು ಅವಳು 'ಹೌದು, ಬಹಳ ಸಲ' ಎಂಬಲ್ಲಿ ಹಾಕಿದಳು. ಶುಹೇ ಅದನ್ನು ಓದಿದ. ಈ ಸಲ ನಗಲಿಲ್ಲ. ಉಳಿದ ಒಂಬತ್ತಕ್ಕೆ ಹಾಳೆ ಅಲುಗದಂತೆ ಅದರ ಅಂಚನ್ನು ಹಿಡಿದುಕೊಂಡ.