ಬ್ಯಾಟರಿ ಒಳಗಿಡದ ಸಂಜೆ

ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಾ ಅರ್ಧ ಬುಟ್ಟಿ ತುಂಬಿಸಿದ್ದೆ. ಮೋರಿ ಕೆಲಸದ ಮಿಷನ್ನಿನ ಡ್ರೈವರ್ ಸ್ವಾಮಿ ಬಂದು ಜಗಲಿಯಲ್ಲಿ ಕೂತ. ಮಿಷನ್ ಕಳುವಾದ ದಿನ ಅದರ ಬ್ಯಾಟರಿ ಬಿಚ್ಚುವುದನ್ನು ತಾನೇ ಮರೆತೆ ಅಂತ ಕಾವಲಿನ ಪೀರ್ ಸಾಬ್ ಪೊಲೀಸ್ ಸ್ಟೇಷನ್ನಿನಲ್ಲಿ ಒಪ್ಪಿಕೊಂಡನಂತೆ.

ನನ್ನ ಕೈ ನಿಂತಿತು. ಅವನು ಮರೆತಿರಲಿಲ್ಲ.

ಕೂಟಗಲ್ಲಿನ ನಮ್ಮ ಮನೆ ಮುಂದೆ ಮೋರಿ ಕೆಲಸ ಶುರುವಾಗಿ ಎರಡು ತಿಂಗಳು. ಮಣ್ಣು ತೋಡುವ ಮಿಷನ್ ರಾತ್ರಿ ಅಲ್ಲೇ ನಿಲ್ಲುತ್ತಿತ್ತು. ಇಂಥ ಮಿಷನ್ನುಗಳಲ್ಲಿ ಒಂದರ ಕೀ ಇನ್ನೊಂದಕ್ಕೂ ಹಿಡಿಯುತ್ತದಂತೆ, ಬ್ಯಾಟರಿ ಬಿಚ್ಚಿಟ್ಟರೇ ಭದ್ರವಂತೆ. ದಿನಾ ಸಂಜೆ ಪೀರ್ ಸಾಬ್ ಅದನ್ನು ಹೊತ್ತು ತಂದು ನನ್ನ ಹುಳದ ಮನೆಯ ಮೂಲೆಯಲ್ಲಿಡುತ್ತಿದ್ದ. ಗಟ್ಟಿ ಬೀಗ ಇರುವುದು ಅದಕ್ಕೊಂದೇ. ಆ ಸಂಜೆ ಹುಳ ಹಣ್ಣಾಗಿ ಗೂಡು ಕಟ್ಟಲು ಹತ್ತಿದ್ದವು. ಆಸಿಡ್ ವಾಸನೆ ಬಡಿದರೆ ಕಟ್ಟುವುದನ್ನೇ ಬಿಟ್ಟಾವು ಅಂತ ನಾನು ಬಾಗಿಲು ತೆಗೆಯಲಿಲ್ಲ. ಒಂದಿನ ಮಿಷನ್ನಿನಲ್ಲೇ ಇರಲಿ ಅಂದೆ. ಬೆಳಗ್ಗೆ ಮಿಷನ್ನೇ ಇರಲಿಲ್ಲ.

ಹಾಗಾದರೆ ನನ್ನ ಹೆಸರನ್ನು ಅವನು ಯಾಕೆ ಹೇಳಲಿಲ್ಲ? ಆವತ್ತು ಒಂದು ಮಾತೂ ವಾದಿಸದೆ ಬ್ಯಾಟರಿ ವಾಪಸ್ ಹೊತ್ತುಕೊಂಡು ಹೋಗಿದ್ದನಲ್ಲ. ಕಳ್ಳರ ಜೊತೆ ಅವನೂ ಇರಬೇಕು ಅನ್ನಿಸಿತು. ನೀವೇನಾರ ಕಂಡ್ರಾ ಅಂತ ಸ್ವಾಮಿ ಕೇಳಿದಾಗ ಇಲ್ಲ ಅಂದುಬಿಟ್ಟೆ.

ಮಾರನೇ ದಿನ ಮೋರಿ ಕೆಲಸ ಹಿಡಿದ ಕನಕಪುರದ ಕಂಟ್ರಾಕ್ಟರಿಗೆ ನಡೆದದ್ದನ್ನೆಲ್ಲ ಕಾಗದ ಬರೆದೆ, ಪೋಸ್ಟಿಗೆ ಹಾಕಲಿಲ್ಲ. ಪೀರ್ ಸಾಬನೇ ಕಳ್ಳನಾಗಿದ್ದರೆ ನಾನ್ಯಾಕೆ ಸಿಕ್ಕಿಕೊಳ್ಳಲಿ? ತಿಂಗಳು ಪೂರ್ತಿ ಕಾಗದ ಟ್ರಂಕಿನಲ್ಲೇ ಇತ್ತು. ಅವನು ಹೊಸ ಚಪ್ಪಲಿ ಮೆಟ್ಟಿದರೂ ನೋಡಿದೆ, ಫೋನಿನಲ್ಲಿ ದನಿ ತಗ್ಗಿಸಿದರೂ ಕಿವಿಗೊಟ್ಟೆ.

ಕೊನೆಗೆ ಅವನ ಕೆಲಸ ಹೋಯಿತು. ಈ ಸುತ್ತಿನಲ್ಲಿ ಇನ್ನು ಯಾರೂ ಕಾವಲಿಗೆ ಕರೆಯುವುದಿಲ್ಲ ಅಂತ ಸ್ವಾಮಿಯೇ ಹೇಳಿದ. ಪೀರ್ ಸಾಬ್ ತನ್ನ ಕಂಬಳಿ ಒಯ್ಯಲು ಬಂದಾಗ ತಡೆಯಲಾರದೆ ಕೇಳಿದೆ.

"ನಾನು ಬಾಗಿಲು ತೆಗೀಲಿಲ್ಲ ಅಂತ ಯಾಕಪ್ಪ ಹೇಳಲಿಲ್ಲ?"

"ಹೇಳಿದ್ರೆ ಪೊಲೀಸ್ನೋರು ಆವಾಗ್ಲೇ ಹುಳದ ಮನೆಗೆ ನುಗ್ಗೋರು ಸರಸಕ್ಕ. ಚಂದ್ರಿಕೆ ಎಲ್ಲಾ ತಡಕಾಡ್ಬುಡೋರು. ಗೂಡು ಕಟ್ಟಿ ಮುಗೀಲಿ ಅಂದ್ಕಂಡೆ. ಆಮ್ಯಾಕೆ ಮಾತು ತಿರುಗ್ಸುದ್ರೆ ಯಾರು ನಂಬ್ತಾರೆ?"

"ನಾನು ನಿನ್ನ ಮೇಲೇ ಅನುಮಾನ ಪಟ್ಟೆ."

"ಗೊತ್ತು ಕಣಕ್ಕ. ಚಪ್ಪಲೀನ ಹಂಗೆ ನೋಡ್ತಿದ್ರಲ್ಲ. ಅದು ನಮ್ಮಳಿಯಂದು."

ಅವನು ನಕ್ಕ. ನನಗೆ ನಗು ಬರಲಿಲ್ಲ.

ಟ್ರಂಕಿನಿಂದ ಕಾಗದ ತೆಗೆದು, ಇಷ್ಟು ದಿನ ಬಚ್ಚಿಟ್ಟದ್ದೂ ನನ್ನದೇ ತಪ್ಪು ಅಂತ ಕೆಳಗೆ ಬರೆದೆ. ಪೋಸ್ಟಾಫೀಸಿನ ಲತಾಮಣಿ, ಸಾದಾ ಅಂಚೆಯೋ ಅಂತ ಕೇಳಿದಳು. ಸ್ಪೀಡ್ ಪೋಸ್ಟು ಮಾಡವ್ವ, ನಾಳೆಯೇ ಮುಟ್ಟಬೇಕು ಅಂದೆ. ಅವಳು ಸೀಲು ಒತ್ತಿ ಕಾಗದವನ್ನು ಚೀಲದೊಳಕ್ಕೆ ಹಾಕಿದಳು.